ಬಿಳಿ ಪುಡಿಯ ಹಿಂದೆ ಹಂದಿಯ ಕಿಣ್ವ!

ಗೋಬಿ ಮಂಚೂರಿ ಗಾಡಿಯವ ಬಾಣಲೆಗೆ ಚಿಟಿಕೆ ಉದುರಿಸುತ್ತಾನಲ್ಲ, ಆ ಟೇಸ್ಟಿಂಗ್ ಪೌಡರ್ ಹಲಾಲೋ ಅಲ್ಲವೋ? ಕೇಳಿದರೆ 'ಹೋಗ್ರೀ, ಪುಡಿಗೆಂಥ ಮಾಂಸ!' ಅಂತಾರೆ. ಅಷ್ಟು ಸಲೀಸಲ್ಲ ಸ್ವಾಮಿ. 2001ರ ಜನವರಿಯಲ್ಲಿ ಇಂಡೊನೇಷ್ಯಾದಲ್ಲಿ ಇದೇ ಪ್ರಶ್ನೆಗೆ ದೊಡ್ಡ ರಾದ್ಧಾಂತವೇ ಆಯಿತು.

ಅಜಿನೊಮೊಟೊ ತಯಾರಾಗೋದು ಸೂಕ್ಷ್ಮಜೀವಿಗಳಿಂದ. ಆ ಜೀವಿಗಳನ್ನು ಸಾಕಲು ಮೇವು ಬೇಕು. ಅಲ್ಲಿನ ಕಾರ್ಖಾನೆಯ ಮೇವೇನೋ ಸೋಯಾದ್ದೇ. ಆದರೆ ಆ ಸೋಯಾ ಒಡೆಯಲು ಬಳಸಿದ್ದು ಹಂದಿಯಿಂದ ತೆಗೆದ ಕಿಣ್ವ! ಕಿಣ್ವ ಅಂದರೆ, ನಮ್ಮ ಹೊಟ್ಟೆಯಲ್ಲಿ ಉಂಡ ಅನ್ನ ಕರಗಿಸುತ್ತಲ್ಲ, ಆ ಜಾತಿಯ ವಸ್ತು.

ಪುಡಿಯಲ್ಲಿ ಹಂದಿಯ ಅಂಶವಿಲ್ಲ ಎಂದಿತು ಕಂಪನಿ. ಇರಲಿ ಬಿಡಲಿ, ಹಂದಿಯ ಉಪಯೋಗ ಪಡೆದದ್ದೇ ಹರಾಮ್ ಎಂದಿತು ಉಲೇಮಾ ಮಂಡಳಿ. ಸ್ವತಃ ಧರ್ಮ ಬಲ್ಲವರಾಗಿದ್ದ ಆಗಿನ ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ 'ಹಲಾಲ್' ಅಂದುಬಿಟ್ಟರು! ಅಂಗಡಿಯವ ಯಾರ ಮಾತು ಕೇಳಬೇಕು? ನಡೆದದ್ದು ಮಂಡಳಿಯ ಮಾತೇ. ಸರಕು ವಾಪಸಾಯಿತು, ಕಂಪನಿಯ ಕೆಲವು ಅಧಿಕಾರಿಗಳನ್ನು ಪೊಲೀಸರು ಹಿಡಿದರು. ಮೇವು ಬದಲಾಯಿಸಿದ ಮೇಲೆಯೇ ಹೊಸ ಹಲಾಲ್ ಪತ್ರ ಸಿಕ್ಕಿದ್ದು.

ಚೀಸಿನದೂ ಇದೇ ಕಥೆ. ಹಾಲು ಗಟ್ಟಿಮಾಡುವ ರೆನೆಟ್ ಎಳೆಗರುವಿನ ಹೊಟ್ಟೆಯದೋ, ಬೂಷ್ಟಿನಿಂದ ತೆಗೆದದ್ದೋ? ಇದನ್ನು ಮುಸ್ಲಿಮರಷ್ಟೇ ಅಲ್ಲ, ಜೈನರೂ ಕೇಳುತ್ತಾರೆ, ಕೇಳಲೇಬೇಕು. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ ಎಂದು ಲೆಕ್ಕ; ಅದು ಹಲಾಲ್ ಮುದ್ರೆಯಲ್ಲ. ಪೊಟ್ಟಣದ ಮೇಲೆ 'ಮೈಕ್ರೋಬಿಯಲ್' ಅಂತ ಇದ್ದರೆ ಕಿಣ್ವ ಪ್ರಾಣಿಯದಲ್ಲ. ಆದರೆ ಆ ಸೂಕ್ಷ್ಮಜೀವಿ ತಿಂದ ಮೇವು ಯಾವುದು ಅನ್ನೋದನ್ನು ಪೊಟ್ಟಣ ಹೇಳೋದಿಲ್ಲ.