‘ಎಲ್ಲಾ ಸ್ಕ್ರಿಪ್ಟು ಕಣಣ್ಣ!’

ಕೊಪ್ಪದ ಟೀ ಅಂಗಡಿಯ ಬೆಂಚಿನಲ್ಲಿ ಕ್ರಿಕೆಟ್ ಮಾತಿಗೆ ಮ್ಯಾಚು ನಡೆಯುತ್ತಿರಬೇಕು ಅಂತೇನಿಲ್ಲ. ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತ ದಿನ ಡ್ರೈವರುಗಳಿಗೆ ಹೊತ್ತು ಹೋಗಬೇಕಲ್ಲ. ಮೊಬೈಲಿನಲ್ಲಿ ಹಳೇ ಓವರುಗಳು ಓಡುತ್ತಿರುತ್ತವೆ. ಯಾರೋ ಕೈಬಿಟ್ಟ ಕ್ಯಾಚನ್ನು ತೋರಿಸಿ ಒಬ್ಬ ಅನ್ನುತ್ತಾನೆ: ‘ಎಲ್ಲಾ ಸ್ಕ್ರಿಪ್ಟು ಕಣಣ್ಣ, ಮೊದ್ಲೇ ಬರ್ದು ಮಡಗವ್ರೆ.’ ಉಳಿದವರು ಹೌದೌದು ಅಂತ ತಲೆಯಾಡಿಸುತ್ತಾರೆ. ಏಪ್ರಿಲ್ ಬಂದರೆ ಕೆಂಪು ಜೆರ್ಸಿ ಹಾಕಿಕೊಂಡು ಟಿವಿ ಮುಂದೆ ಉಸಿರು ಬಿಗಿಹಿಡಿದು ಕೂರುವವರೂ ಅವರೇ. ಬರೆದಿಟ್ಟ ಆಟಕ್ಕೆ ಇಷ್ಟೊಂದು ಎದೆಬಡಿತ ಯಾಕ್ರಪ್ಪ ಅಂತ ಕೇಳಿ ನಾನು ಬೈಸಿಕೊಂಡದ್ದುಂಟು.

ಅನುಮಾನ ಪಡುವುದು ತಪ್ಪಲ್ಲ. ಆದರೆ ಕಬ್ಬಿನ ತೂಕದ ಮೇಲೆ ಅನುಮಾನ ಬಂದ ರೈತ ಬರೀ ಬೈದು ಸುಮ್ಮನಾಗುವುದಿಲ್ಲ, ಅದೇ ಲೋಡನ್ನು ಇನ್ನೊಂದು ವೇಬ್ರಿಡ್ಜಿಗೆ ಹತ್ತಿಸಿ ನೋಡುತ್ತಾನೆ. ಬೆಂಚಿನ ಮಾತುಗಳನ್ನೂ ಹಾಗೆ ಒಮ್ಮೆ ತೂಗಬಹುದು.

‘18 ಅನ್ನೋದು ಸುಮ್ನೆ ಬರ್ತದಾ?’

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನಿನಿಂದ ಸೋಲಿಸಿ ಆರ್‌ಸಿಬಿ ಕೊನೆಗೂ ಕಪ್ ಎತ್ತಿತು. ಐಪಿಎಲ್‌ನ 18ನೇ ಆವೃತ್ತಿ, ಕೊಹ್ಲಿಯ ಜೆರ್ಸಿಯೂ 18. ತಾರೀಖಿನ ಅಂಕಿಗಳಾದ 3, 6, 2, 0, 2, 5 ಕೂಡಿದರೆ ಅಲ್ಲೂ 18. ಇದಕ್ಕಿಂತ ಸಾಕ್ಷಿ ಬೇಕಾ ಅಂತ ವಾಟ್ಸಾಪಿನಲ್ಲಿ ಹರಿದಾಡಿದ್ದೇ ಹರಿದಾಡಿದ್ದು.

ಆ ಫೈನಲ್ ಮೊದಲು ನಿಗದಿಯಾಗಿದ್ದದ್ದು ಮೇ 25ಕ್ಕೆ, ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ. ಭಾರತ–ಪಾಕಿಸ್ತಾನ ಸಂಘರ್ಷದಿಂದಾಗಿ ಮೇ 9ರಂದು ಟೂರ್ನಿಯನ್ನೇ ನಿಲ್ಲಿಸಿದರು. 17ಕ್ಕೆ ಮತ್ತೆ ಶುರುವಾಯಿತು. ಫೈನಲ್ ತಾರೀಖೂ ಬದಲಾಯಿತು, ಊರೂ ಬದಲಾಯಿತು. 25-5-2025ರ ಅಂಕಿಗಳನ್ನು ಕೂಡಿ ನೋಡಿ, ಬರುವುದು 21. ಅಂದರೆ ಆ 18ನ್ನು ಮೂಡಿಸಲು ಸ್ಕ್ರಿಪ್ಟ್ ಬರೆದವನು ಎರಡು ದೇಶಗಳ ಸೇನೆಗಳಿಗೂ ಸಂಭಾಷಣೆ ಬರೆದುಕೊಟ್ಟಿರಬೇಕು.

ಹುಡುಕುತ್ತ ಹೋದರೆ ಯಾವ ಸಂಖ್ಯೆಯಾದರೂ ಸಿಗುತ್ತದೆ. 2009ರ ಜೊಹಾನ್ಸ್‌ಬರ್ಗ್ ಫೈನಲಿನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಆರ್‌ಸಿಬಿ ಸೋತದ್ದು 6 ರನ್ನಿನಿಂದ. 2019ರ ಮಾರ್ಚ್ 28ರಂದು ಬೆಂಗಳೂರಿನಲ್ಲಿ ಮುಂಬೈ ಎದುರು ಸೋತದ್ದೂ 6 ರನ್ನಿನಿಂದ. ಕಪ್ ಗೆದ್ದದ್ದೂ ಅದೇ 6 ರನ್ನಿನಿಂದ. ಇದನ್ನು ಹಿಡಿದು ನಾನೂ ಒಂದು ಪುರಾಣ ಕಟ್ಟಬಲ್ಲೆ.

ನನ್ನನ್ನು ಕಾಡುವ ಪ್ರಶ್ನೆ 2016ರದು. ಆ ಸಲ ಫೈನಲ್ ಚಿನ್ನಸ್ವಾಮಿಯಲ್ಲೇ ಇತ್ತು. ಕೊಹ್ಲಿ ಆ ಟೂರ್ನಿಯೊಂದರಲ್ಲೇ ಹೊಡೆದದ್ದು 973 ರನ್. ಮಾರುಕಟ್ಟೆಗಾಗಿ ಕಥೆ ಬರೆಯುವವನು ಯಾರಾದರೂ ಇದ್ದಿದ್ದರೆ ಕಪ್ಪನ್ನು ಅವತ್ತೇ ಕೊಟ್ಟಿರುತ್ತಿದ್ದ. ಆರ್‌ಸಿಬಿ 8 ರನ್ನಿನಿಂದ ಸೋತಿತು.

‘ಟಾಸಿನ ಕಾಯಿನ್ನೇ ಮಗುಚಿಬುಟ್ರು’

2024ರ ಏಪ್ರಿಲ್ 11, ವಾಂಖೆಡೆಯಲ್ಲಿ ಮುಂಬೈ–ಆರ್‌ಸಿಬಿ ಪಂದ್ಯ. ಮ್ಯಾಚ್ ರೆಫರಿ ನಮ್ಮ ಜಾವಗಲ್ ಶ್ರೀನಾಥ್. ಕೆಳಗೆ ಬಿದ್ದ ನಾಣ್ಯವನ್ನು ಅವರು ಎತ್ತಿಕೊಳ್ಳುವಾಗ ಮುಂಬೈಗೆ ಬೇಕಾದ ಮಗ್ಗುಲಿಗೆ ತಿರುಗಿಸಿದರು ಅಂತ ಒಂದು ಮಸುಕು ವಿಡಿಯೊ ಓಡಾಡಿತು. ನಾಲ್ಕು ದಿನದ ಮೇಲೆ ಬೆಂಗಳೂರಿನಲ್ಲಿ ಆರ್‌ಸಿಬಿ ನಾಯಕ ಡುಪ್ಲೆಸಿ, ಹೈದರಾಬಾದ್ ನಾಯಕ ಕಮಿನ್ಸ್‌ಗೆ ಕೈಸನ್ನೆಯಲ್ಲಿ ಏನನ್ನೋ ವಿವರಿಸುತ್ತಿದ್ದ ದೃಶ್ಯವನ್ನೂ ಅದಕ್ಕೆ ಅಂಟಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಹತ್ತಿರದಿಂದ ತೆಗೆದ ಸ್ಪಷ್ಟ ವಿಡಿಯೊದಲ್ಲಿ ನಾಣ್ಯ ಬಿದ್ದ ಹಾಗೆಯೇ ಕೈಗೆ ಬಂದದ್ದು ಕಾಣಿಸಿತು. ಅದನ್ನು ಫಾರ್ವರ್ಡ್ ಮಾಡಿದವರು ಕಮ್ಮಿ. ಅವತ್ತು ಆರ್‌ಸಿಬಿಯನ್ನು ಸೋಲಿಸಿದ್ದು 21 ರನ್ ಕೊಟ್ಟು 5 ವಿಕೆಟ್ ಕಿತ್ತ ಬೂಮ್ರಾ.

2023ರ ಫೈನಲಿಗೆ ಮುಂಚೆ ಅಹಮದಾಬಾದ್ ಮೈದಾನದ ದೊಡ್ಡ ಪರದೆಯಲ್ಲಿ ‘ರನ್ನರ್ ಅಪ್ ಚೆನ್ನೈ ಸೂಪರ್ ಕಿಂಗ್ಸ್’ ಅಂತ ಬರೆದಿದ್ದ ಫೋಟೊ ನೆನಪಿದೆಯಲ್ಲ? ಸ್ಕ್ರಿಪ್ಟ್ ಸೋರಿಹೋಯಿತು ಅಂದರು. ಕೊನೆಯ ಎರಡು ಎಸೆತಕ್ಕೆ ಜಡೇಜಾ ಒಂದು ಸಿಕ್ಸರ್, ಒಂದು ಬೌಂಡರಿ ಬಾರಿಸಿ ಚೆನ್ನೈಯನ್ನು ಗೆಲ್ಲಿಸಿದ. ಆಗ ಅದೇ ಜನ ಅಂದದ್ದು: ‘ಸೋರಿದ್ಮೇಲೆ ಬದಲಾಯಿಸವ್ರೆ!’ ಗೆದ್ದರೂ ಸೋತರೂ ಸರಿಯಾಗಿಯೇ ಉಳಿಯುವ ಮಾತನ್ನು ಯಾವ ತಕ್ಕಡಿಯಲ್ಲಿ ತೂಗುವುದು?

‘ಹಂಗಾರೆ ಫಿಕ್ಸಿಂಗೇ ಇಲ್ವಾ?’

ಇದೆ. ಅದು ಇಲ್ಲವೇ ಇಲ್ಲ ಅನ್ನುವುದು ಇನ್ನೂ ದೊಡ್ಡ ತಪ್ಪು. ಆದರೆ ನಾವು ಹುಡುಕುವ ಕಡೆ ಅದು ಇರುವುದಿಲ್ಲ. ಪಂದ್ಯವನ್ನೇ ಇಡಿಯಾಗಿ ಮಾರಬೇಕೆಂದರೆ ಹತ್ತಾರು ಬಾಯಿ ಮುಚ್ಚಿಸಬೇಕು. ಒಂದು ನೋಬಾಲ್ ಮಾರಲು ಒಬ್ಬ ಬೌಲರ್ ಸಾಕು, ಪಂದ್ಯ ಯಾರಾದರೂ ಗೆದ್ದುಕೊಳ್ಳಲಿ. 2010ರ ಲಾರ್ಡ್ಸ್ ಟೆಸ್ಟಿನಲ್ಲಿ ಪಾಕಿಸ್ತಾನದ ಆಟಗಾರರು ಜೈಲಿಗೆ ಹೋದದ್ದು ಮೊದಲೇ ಗೊತ್ತುಮಾಡಿಕೊಂಡು ಹಾಕಿದ ಮೂರು ನೋಬಾಲಿಗೆ. 2013ರ ಮೇನಲ್ಲಿ ರಾಜಸ್ಥಾನ್ ರಾಯಲ್ಸ್‌ನ ಮೂವರನ್ನು ದೆಹಲಿ ಪೊಲೀಸರು ಬಂಧಿಸಿದ್ದೂ ಒಂದೊಂದು ಓವರಿನಲ್ಲಿ ಇಂತಿಷ್ಟು ರನ್ ಕೊಡಲು ಒಪ್ಪಿದ್ದರೆಂಬ ಆರೋಪದ ಮೇಲೆ. ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಳ್ಳುವುದು ಬುಕ್ಕಿಗೆ ಗುರುತು ಅಂದರು. ನ್ಯಾಯಾಲಯ ಅವರನ್ನು ಬಿಟ್ಟಿತು, ಕ್ರಿಕೆಟ್ ಮಂಡಳಿ ಬಿಡಲಿಲ್ಲ.

ನಮಗೆ ಹತ್ತಿರದ್ದು ಮೈಸೂರಿನದು. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಫೈನಲಿನಲ್ಲಿ ಹುಬ್ಬಳ್ಳಿ ಟೈಗರ್ಸ್ ಎದುರು ಬಳ್ಳಾರಿ ಟಸ್ಕರ್ಸ್‌ನ ಇಬ್ಬರು ದುಡ್ಡಿಗಾಗಿ ನಿಧಾನವಾಗಿ ಬ್ಯಾಟ್ ಬೀಸಿದರು ಅಂತ ಬೆಂಗಳೂರಿನ ಸಿಸಿಬಿ ಆ ನವೆಂಬರಿನಲ್ಲಿ ಅವರನ್ನು ಬಂಧಿಸಿತು. 2022ರ ಜನವರಿಯಲ್ಲಿ ಹೈಕೋರ್ಟ್ ಆ ಪ್ರಕರಣ ರದ್ದು ಮಾಡಿತು. ಫಿಕ್ಸಿಂಗ್ ಆಟಗಾರನ ಅಪ್ರಾಮಾಣಿಕತೆಯನ್ನು ತೋರಿಸಬಹುದು, ಆದರೆ ಐಪಿಸಿ 420ರ ವಂಚನೆಯಾಗುವುದಿಲ್ಲ, ಶಿಸ್ತುಕ್ರಮ ಮಂಡಳಿಯ ಕೆಲಸ ಅಂತ. ಅದನ್ನು ‘ಕೋರ್ಟೇ ಫಿಕ್ಸಿಂಗ್ ಸರಿ ಅಂದ್ಬುಡ್ತು’ ಅಂತ ಓದಿಕೊಂಡವರು ನಮ್ಮ ಬೆಂಚಿನಲ್ಲೂ ಇದ್ದಾರೆ. ಕೋರ್ಟು ಹೇಳಿದ್ದು ಈ ತಪ್ಪಿಗೆ ಈ ಕಲಮು ಹೊಂದುವುದಿಲ್ಲ ಅಂತ, ಅಷ್ಟೇ.

ಕೋರ್ಟು ಬಿಟ್ಟರೂ ಆಟದ ಮಂಡಳಿ ಬಿಡದಿರುವುದು ಅಮೆರಿಕದವರಿಗೆ ಹಳೇ ಕಥೆ. 1919ರ ಬೇಸ್‌ಬಾಲ್ ವರ್ಲ್ಡ್ ಸೀರೀಸನ್ನು ಶಿಕಾಗೊ ವೈಟ್ ಸಾಕ್ಸ್‌ನ ಎಂಟು ಮಂದಿ ಜೂಜುಕೋರರಿಗೆ ಮಾರಿಕೊಂಡರೆಂಬ ಮೊಕದ್ದಮೆಯಲ್ಲಿ 1921ರಲ್ಲಿ ಜ್ಯೂರಿ ವಿಚಾರಣೆಗೆ ನಿಂತವರನ್ನೆಲ್ಲ ಬಿಟ್ಟಿತು. ಮಾರನೇ ದಿನವೇ ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್ ಎಂಟೂ ಮಂದಿಯನ್ನು ಜನ್ಮಪೂರ್ತಿ ಆಟದಿಂದ ಹೊರಗಿಟ್ಟ. ಈಗ ಅಲ್ಲೂ ಆರೋಪ ಚಿಕ್ಕದಕ್ಕೆ ಇಳಿದಿದೆ: 2025ರ ನವೆಂಬರಿನಲ್ಲಿ ಕ್ಲೀವ್‌ಲೆಂಡ್ ತಂಡದ ಇಬ್ಬರು ಪಿಚರ್‌ಗಳ ಮೇಲೆ ಬಂದದ್ದು ಒಂದೊಂದೇ ಎಸೆತವನ್ನು ಮಾರಿದರೆಂಬ ಆರೋಪ.

ಇವನ್ನೆಲ್ಲ ಬಯಲು ಮಾಡಿದ್ದು ಪೊಲೀಸರು ಕದ್ದಾಲಿಸಿದ ಫೋನು, ಕೈಬದಲಾದ ದುಡ್ಡು, ವೇಷ ಮರೆಸಿ ಹೋದ ಪತ್ರಕರ್ತ. 2000ದಲ್ಲಿ ದಕ್ಷಿಣ ಆಫ್ರಿಕಾ ನಾಯಕ ಹ್ಯಾನ್ಸಿ ಕ್ರೊನಿಯೆ ಸಿಕ್ಕಿಬಿದ್ದದ್ದೂ ಫೋನಿನಲ್ಲೇ. ಕೈಬಿಟ್ಟ ಕ್ಯಾಚನ್ನು ಸ್ಲೋ ಮೋಷನ್‌ನಲ್ಲಿ ಹತ್ತು ಸಲ ನೋಡಿ ಇವರನ್ನು ಹಿಡಿದದ್ದಲ್ಲ.

‘ನಂಗೆ ಒಳಗಿನ ಸುದ್ದಿ ಬತ್ತದೆ’

ಸ್ಕ್ರಿಪ್ಟ್ ಇದೆ ಅಂತ ನಂಬಿದವನಿಗೆ ಅದನ್ನು ಮಾರಲು ಬರುವವನೂ ಇರುತ್ತಾನೆ. ಟೆಲಿಗ್ರಾಂನಲ್ಲಿ ‘ಫಿಕ್ಸ್ ರಿಪೋರ್ಟ್’ ಕೊಡುವವರ ಲೆಕ್ಕ ಸುಲಭ. 800 ಜನರಲ್ಲಿ 400 ಜನಕ್ಕೆ ಈ ತಂಡ, 400 ಜನಕ್ಕೆ ಆ ತಂಡ ಗೆಲ್ಲುತ್ತದೆ ಅಂತ ಬಿಟ್ಟಿಯಾಗಿ ಕಳಿಸುವುದು. ಸರಿಬಂದ 400ರಲ್ಲಿ ಮತ್ತೆ ಅರ್ಧ, ಅದರಲ್ಲಿ ಮತ್ತೆ ಅರ್ಧ. ಐದು ಪಂದ್ಯ ಮುಗಿಯುವ ಹೊತ್ತಿಗೆ ಐದೂ ಸರಿಬಂದ 25 ಜನ ಉಳಿಯುತ್ತಾರೆ. ಆರನೇ ರಿಪೋರ್ಟಿಗೆ ದುಡ್ಡು. ಕಬ್ಬಿನ ಬಿಲ್ಲು ಬಂದ ವಾರವಾದರೆ ಕೇಳಿದಷ್ಟು ಕೊಡುತ್ತಾರೆ. ಕಳಿಸಿದವನಿಗೆ ಮಿಡಾನ್ ಯಾವುದು, ಮಿಡಾಫ್ ಯಾವುದು ಅಂತ ಗೊತ್ತಿರಬೇಕಾಗಿಲ್ಲ. ಆ 25 ಜನ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಉಳಿದ 775 ಜನ ಯಾರಿಗೂ ಹೇಳದೆ ಮೊಬೈಲ್ ಜೇಬಿಗಿಳಿಸಿ ಟೀ ಕುಡಿಯುತ್ತಾರೆ.