ತಡವಾಗಿ ತಲೆ ಎತ್ತುವ ರೋಗ

ಪ್ರಶ್ನೆ: ಆಸ್ಬೆಸ್ಟಾಸ್ ಕಾರ್ಖಾನೆ ಬಿಟ್ಟು 20 ವರ್ಷವಾದ ಮೇಲೂ ಮೆಸೋಥೀಲಿಯೋಮ ಬಂದೀತೇ? ಪರಿಹಾರ ಉಂಟೇ?

ಉತ್ತರ: ಬಂದೀತು. ಇದು ಆತುರದ ಕಾಯಿಲೆಯಲ್ಲ. ಉಸಿರಿನೊಡನೆ ಒಳಹೊಕ್ಕ ಆಸ್ಬೆಸ್ಟಾಸ್‌ನ ಸೂಜಿಯಂಥ ಎಳೆಗಳನ್ನು ದೇಹ ಸುಲಭವಾಗಿ ಕರಗಿಸಲಾರದು. ಅವು ಶ್ವಾಸಕೋಶದ ಹೊರಪೊರೆಯನ್ನು ದಶಕಗಟ್ಟಲೆ ಕೆರಳಿಸುತ್ತ ಕೂರುತ್ತವೆ. ಈ ಕ್ಯಾನ್ಸರ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಬೇಕು. 1960ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯ ವ್ಯಾಗ್ನರ್ ಮತ್ತು ಸಂಗಡಿಗರು ವರದಿ ಮಾಡಿದ 33 ರೋಗಿಗಳಲ್ಲಿ ಆಸ್ಬೆಸ್ಟಾಸ್ ಗಣಿಯಲ್ಲಿ ದುಡಿಯದೆ, ಬರೀ ಅದರ ಆಸುಪಾಸಿನಲ್ಲಿ ಬಾಳಿದವರೂ ಇದ್ದರು!

ಪರಿಹಾರದ ಮಾತಿಗೆ ಬಂದರೆ, ನಮ್ಮ 1923ರ ನೌಕರರ ಪರಿಹಾರ ಕಾಯ್ದೆ ಈ ಕಾಯಿಲೆಯನ್ನು ಔದ್ಯೋಗಿಕ ರೋಗವೆಂದೇ ಪಟ್ಟಿ ಮಾಡಿತ್ತು; 2025ರಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ನಂತರವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿತು. ಆದರೂ ಕಾರ್ಖಾನೆಯ ಕಪಾಟನ್ನೇ ನಂಬಬೇಡಿ. ಸೇವಾಪತ್ರ, ಬಯಾಪ್ಸಿ ವರದಿ ನಿಮ್ಮ ಕೈಯಲ್ಲೂ ಇರಲಿ.