ದೊರೆಗಳ ಉರಿಗಾಂ, ಲಂಡನ್ನಿನ ಲೆಕ್ಕ

ಬೆಂಗಳೂರಿನಿಂದ ಮಾರಿಕುಪ್ಪಂ ರೈಲು ಹತ್ತಿದರೆ ಬಂಗಾರಪೇಟೆಯಲ್ಲಿ ಅದು ಚೆನ್ನೈ ದಾರಿ ಬಿಟ್ಟು ಹೊರಳಿಕೊಳ್ಳುತ್ತದೆ. ಮುಂದೆ ಸಿಗುವ ನಿಲ್ದಾಣಗಳಲ್ಲಿ ಕೋರಮಂಡಲ್, ಚಾಂಪಿಯನ್ ಎಂಬವು ಊರುಗಳ ಹೆಸರಲ್ಲ, ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಗಣಿಗಳ ಹೆಸರು. ಗಣಿ ಬರುವ ಮೊದಲೇ ಇದ್ದ ಹಳ್ಳಿಗಳು ಉರಿಗಾಂ ಮತ್ತು ಮಾರಿಕುಪ್ಪಂ. ಈ ಉರಿಗಾಂನ ಹೆಸರು ನಮ್ಮ ಭೂಗೋಳದ ಪುಸ್ತಕಕ್ಕಿಂತ ಹೆಚ್ಚಾಗಿ ಕಾನೂನಿನ ಪುಸ್ತಕದಲ್ಲಿ ಉಳಿದಿದೆ ಎಂದರೆ ಊರಿನವರೇ ನಂಬಲಿಕ್ಕಿಲ್ಲ.

1880ರ ಸುಮಾರಿಗೆ ಲಂಡನ್ನಿನಲ್ಲಿ ದಕ್ಷಿಣ ಭಾರತದ ಚಿನ್ನದ ಹುಚ್ಚು ಏರಿತ್ತು. ಕೋಲಾರವನ್ನು ಭೂಪಟದಲ್ಲಿ ಹುಡುಕಲೂ ಬಾರದವರು ಷೇರು ಕೊಂಡರು. ಆಗ ಎದ್ದ ಕಂಪನಿಗಳಲ್ಲಿ ‘ಊರೆಗಮ್ ಗೋಲ್ಡ್ ಮೈನಿಂಗ್ ಕಂಪನಿ ಆಫ್ ಇಂಡಿಯಾ’ ಒಂದು. ಉರಿಗಾಂ ಇಂಗ್ಲಿಷಿನವರ ಬಾಯಲ್ಲಿ ಊರೆಗಮ್ ಆಗಿತ್ತು. ಕೆಲವೇ ವರ್ಷಗಳಲ್ಲಿ ಹಣ ಕರಗಿತು, ಚಿನ್ನ ಕಾಣಲಿಲ್ಲ. ಒಂದು ಪೌಂಡ್, ಅಂದರೆ ಇಪ್ಪತ್ತು ಶಿಲ್ಲಿಂಗ್ ಮುಖಬೆಲೆಯ ಷೇರು 1885ರ ಹೊತ್ತಿಗೆ ಎರಡೂವರೆ ಶಿಲ್ಲಿಂಗಿಗೆ ಬಿತ್ತು. ಗಣಿ ಮುಚ್ಚಬೇಕು, ಇಲ್ಲವೇ ಹೊಸ ಹಣ ತರಬೇಕು. ನಿರ್ದೇಶಕರು ಒಂದು ಉಪಾಯ ಹೂಡಿದರು: ಒಂದು ಪೌಂಡಿನ ಹೊಸ ಆದ್ಯತಾ ಷೇರು ಕೊಟ್ಟು, ಹದಿನೈದು ಶಿಲ್ಲಿಂಗ್ ಈಗಾಗಲೇ ಬಂದಿದೆ ಎಂದು ಲೆಕ್ಕ ಬರೆದುಕೊಂಡು, ಕೊಳ್ಳುವವರಿಂದ ಐದೇ ಶಿಲ್ಲಿಂಗ್ ವಸೂಲು ಮಾಡುವುದು. ಹಣ ಬಂತು, ಗಣಿ ಉಳಿಯಿತು, ಆಮೇಲೆ ಚಿನ್ನವೂ ಸಿಕ್ಕಿತು. ಷೇರಿನ ಬೆಲೆ ಏರಿದ ಮೇಲೆ ರೋಪರ್ ಎಂಬ ಷೇರುದಾರ ಕೋರ್ಟಿಗೆ ಹೋದ. ತಕರಾರು ಬರುವುದು ಲಾಭ ಕಂಡ ಮೇಲೆಯೇ ಅಲ್ಲವೇ?

1892ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ನಿರ್ದೇಶಕರ ಉದ್ದೇಶ ಒಳ್ಳೆಯದಿರಬಹುದು, ಕಂಪನಿಗೆ ಅದರಿಂದ ಉಪಕಾರವೂ ಆಗಿರಬಹುದು; ಆದರೆ ಮುಖಬೆಲೆಗಿಂತ ಕಡಿಮೆಗೆ ಷೇರು ಕೊಡುವ ಅಧಿಕಾರ ಕಂಪನಿಗೆ ಇಲ್ಲ. ಷೇರು ಹಿಡಿದವರು ಪೂರ್ತಿ ಪೌಂಡಿಗೆ ಹೊಣೆ. ‘ಊರೆಗಮ್ ವಿರುದ್ಧ ರೋಪರ್’ ಎಂಬ ಈ ಮೊಕದ್ದಮೆಯನ್ನು ಕಂಪನಿ ಕಾನೂನು ಓದುವವರು ಇವತ್ತಿಗೂ ಓದುತ್ತಾರೆ. ನಮ್ಮ 2013ರ ಕಂಪನಿ ಕಾಯ್ದೆಯ 53ನೇ ಕಲಮು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಲಂಡನ್ನಿನ ಕಂಪನಿಗಳು ಬರುವ ಮೊದಲೂ ಇಲ್ಲಿ ಚಿನ್ನ ಇದೆ ಎಂಬುದೇನೂ ಗುಟ್ಟಾಗಿರಲಿಲ್ಲ. ಟಿಪ್ಪು ಮಡಿದ ಮೇಲೆ ಮೈಸೂರಿನ ಗಡಿ ಗುರುತಿಸಲು 1802ರಲ್ಲಿ ಬಂದ ಲೆಫ್ಟಿನೆಂಟ್ ಜಾನ್ ವಾರನ್, ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಣ್ಣಾರೆ ಕಂಡು ಬರೆದಿಟ್ಟ. ಎಪ್ಪತ್ತು ವರ್ಷ ಆ ವರದಿ ಮೂಲೆಯಲ್ಲಿತ್ತು. ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ನಿವೃತ್ತ ಸೈನಿಕ ಮೈಕೆಲ್ ಲಾವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಅಗೆದ, ಕೈಯಲ್ಲಿ ಹಣ ಸಾಲದೆ ಹಕ್ಕು ಮಾರಿದ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಅವನದೇ ಹೆಸರು. ಆಮೇಲೆ ಬಂದದ್ದು ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್. ಮುಂದೆ ಏಳೆಂಟು ದಶಕ ಈ ಗಣಿಗಳ ಆಡಳಿತ ಅವರ ಕೈಯಲ್ಲಿ. ಯಂತ್ರ ಕೊಳ್ಳುವುದು, ವ್ಯವಸ್ಥಾಪಕರನ್ನು ನೇಮಿಸುವುದು, ಲಾಭಾಂಶ ಘೋಷಿಸುವುದು ಎಲ್ಲ ಲಂಡನ್ನಿನಲ್ಲಿ. ಮೈಸೂರು ಸರ್ಕಾರಕ್ಕೆ ಸಿಗುತ್ತಿದ್ದುದು ರಾಜಧನ.

ಲಂಡನ್ನಿನ ಈ ಹಣದ ಹಿಂದೆಯೇ ಮನುಷ್ಯರೂ ಬಂದರು. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ತವರ ಮತ್ತು ತಾಮ್ರದ ಗಣಿಗಳು ಕುಸಿದಿದ್ದ ಕಾಲ ಅದು. ಅಲ್ಲಿನ ಕಸುಬುದಾರರು ಕರಾರಿನ ಮೇಲೆ ಹಡಗು ಹತ್ತಿದರು. ಅವರ ಪದ್ಧತಿಯಂತೆ ಗಣಿಯ ಮುಖ್ಯಸ್ಥನಿಗೆ ‘ಕ್ಯಾಪ್ಟನ್’ ಎನ್ನುತ್ತಿದ್ದರು, ಸೈನ್ಯಕ್ಕೂ ಆ ಬಿರುದಿಗೂ ಸಂಬಂಧವಿಲ್ಲ. ಇಟಲಿಯವರೂ ಇದ್ದರು. ಕೂಲಿಯವರ ಬಾಯಲ್ಲಿ ಇವರೆಲ್ಲ ದೊರೆಗಳೇ.

ದೊರೆಗಳ ಬಂಗಲೆಗಳಲ್ಲಿ ಕೆಲವು ಈಗಲೂ ನಿಂತಿವೆ. ದಪ್ಪ ಗೋಡೆ, ಹೆಂಚಿನ ಇಳಿಜಾರು ಮಾಡು, ಮುಂದೆ ಅಗಲ ಜಗಲಿ, ಒಳಗೆ ಚಳಿ ಕಾಯಿಸುವ ಒಲೆ, ಮೇಲೆ ಅದರ ಹೊಗೆಗೂಡು. ಕೋಲಾರದ ಬಿಸಿಲಿನಲ್ಲಿ ಹೊಗೆಗೂಡು ಎಷ್ಟು ದಿನ ಹೊಗೆಯಾಡಿತೋ! ಆದರೂ ಅದು ಬೇಕಿತ್ತು, ಏಕೆಂದರೆ ಮನೆ ಎಂದರೆ ಅವರಿಗೆ ಹಾಗೆಯೇ ಇರಬೇಕಿತ್ತು. 1885ರಲ್ಲಿ ಕೆಜಿಎಫ್ ಕ್ಲಬ್ ಶುರುವಾಯಿತು. ಗಾಲ್ಫ್ ಮೈದಾನ, ಚರ್ಚು, ಆಸ್ಪತ್ರೆ ಬಂದವು. 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ ಹತ್ತು ಮೈಲಿ ರೈಲು ಹಳಿ ಬಂತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ಅಷ್ಟು ದೂರದ ತಂತಿ ಆಗ ಜಗತ್ತಿನಲ್ಲೇ ಅಪರೂಪ. ರಾಜ್ಯದ ದೊಡ್ಡ ಊರಾದ ಬೆಂಗಳೂರು ಮೂರು ವರ್ಷ ಕಾದು 1905ರಲ್ಲಿ ಬೀದಿದೀಪ ಕಂಡಿತು. ಮೊದಲ ಕರೆಂಟು ಯಾರಿಗೆ ಹೋಯಿತು ಎಂಬುದರಲ್ಲೇ ಆ ಕಾಲದ ವ್ಯವಹಾರ ತಿಳಿಯುತ್ತದೆ.

ಈ ಹೊಳಪಿನ ಕತೆಯನ್ನು ‘ಲಿಟ್ಲ್ ಇಂಗ್ಲೆಂಡ್’ ಎಂದು ಹೇಳಿ ಹೇಳಿ ಸವೆಸಿದ್ದಾರೆ. ಅದನ್ನು ಹೊತ್ತವರದು ಬೇರೆಯೇ ಬದುಕು. ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದ ತಮಿಳರು, ಅವರಲ್ಲಿ ಬಹುಪಾಲು ದಲಿತರು. ಚಿತ್ತೂರು ಕಡೆಯ ತೆಲುಗರು. ಅವರೂ ಪರಊರಿನವರೇ, ಆದರೆ ಅವರ ಪಾಲಿಗೆ ಬಿದಿರು ತಟ್ಟಿಯ ಗುಡಿಸಲು, ‘ಲೈನ್’ ಎಂದು ಕರೆಯುವ ಒಂದು ಕೋಣೆಯ ಸಾಲುಮನೆ. ಗಣಿ ಆಳವಾದಂತೆ ಚಾಂಪಿಯನ್ ರೀಫ್ ಮೂರು ಕಿಲೋಮೀಟರ್ ದಾಟಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿಗಿಂತ ಹೆಚ್ಚು. ಬಂಡೆ ಸಿಡಿದು ಸತ್ತವರು, ದೂಳು ಕುಡಿದು ಎದೆ ಕೆಟ್ಟವರು ಪ್ರತಿ ಲೈನಿನಲ್ಲೂ ಇದ್ದರು. ಪಾಳಿ ಮುಗಿಸಿ ಮೇಲೆ ಬಂದವನ ಮೈ ತಡಕಿ ಬಿಡುವುದು ನಿತ್ಯದ ಪದ್ಧತಿ. ಸಂಬಳ ಸಾಲದಾಗ ಮಾರವಾಡಿಯ ಗಿರವಿ ಅಂಗಡಿ. ಕೆಳಗಿಂದ ಚಿನ್ನ ತೆಗೆದವನು ಮೇಲೆ ಬಂದು ಹೆಂಡತಿಯ ಮೂಗುತಿ ಒತ್ತೆಯಿಡುತ್ತಿದ್ದ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂದಾಗ ಇಡೀ ಗಣಿ ಕೆಲಸ ನಿಲ್ಲಿಸಿತು.

ದೊರೆಗಳಿಗೂ ಈ ಕೂಲಿಯವರಿಗೂ ನಡುವೆ ಆಂಗ್ಲೋ ಇಂಡಿಯನ್ನರು. ಫೋರ್‌ಮನ್, ನರ್ಸ್, ಗುಮಾಸ್ತೆ ಅವರೇ. ಕೆಜಿಎಫ್‌ನಲ್ಲಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಅವರ ಅಡುಗೆ ಪುಸ್ತಕಗಳಲ್ಲಿ ಆ ಮನೆಗಳ ಊಟ ಉಳಿದಿದೆ. ಮನೆಗಳವರು ಬಹಳ ಮಂದಿ ಆಸ್ಟ್ರೇಲಿಯಾ, ಇಂಗ್ಲೆಂಡ್ ಸೇರಿಕೊಂಡರು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಬಂದವು, 1962ರಲ್ಲಿ ಕೇಂದ್ರಕ್ಕೆ. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿ ಎಲ್ಲ ಮುಗಿಯಿತು. ದೊರೆಗಳಿಗೆ ಹಿಂತಿರುಗಲು ಒಂದು ಊರಿತ್ತು. ನಾಲ್ಕು ತಲೆಮಾರು ಇಲ್ಲೇ ಕಳೆದ ತಮಿಳು ಕುಟುಂಬಕ್ಕೆ ಆರ್ಕಾಟು ಎಂಬುದು ಅಜ್ಜಿ ಹೇಳುವ ಹೆಸರಷ್ಟೇ. ಅವರು ಹಿಡಿದದ್ದು ಬೆಳಗಿನ ಬೆಂಗಳೂರು ರೈಲು. ಈಗಲೂ ಸಾವಿರಾರು ಜನ ನಸುಕಿನಲ್ಲೇ ಎದ್ದು ಡಬ್ಬಿ ಕಟ್ಟಿಕೊಂಡು ಹೊರಡುತ್ತಾರೆ, ರಾತ್ರಿ ಮಲಗಲು ಬರುತ್ತಾರೆ.

ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ಊರ ನಡುವೆ ಸೈನೈಡ್ ದಿಬ್ಬಗಳಾಗಿ ನಿಂತಿದೆ. ಅದರ ದೂಳು ಗಾಳಿಗಾಲದಲ್ಲಿ ಅಡುಗೆಮನೆಗೂ ನುಗ್ಗುತ್ತದೆ. ಅಂಥ ಹದಿಮೂರು ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹೊಸ ಬಂಡವಾಳ ಬರಲಿ. ಆದರೆ ಲಾಭದ ಲೆಕ್ಕ ಮತ್ತೊಮ್ಮೆ ದೂರದ ಯಾವುದೋ ಕಚೇರಿಯಲ್ಲಿ ಮುಗಿಯದಂತೆ ಲೈನ್ ಮನೆಗಳವರಿಗೆ ಮೊದಲ ಕೆಲಸ, ಮನೆಯ ಹಕ್ಕು ಬರೆದು ಕೊಡಬೇಕು.

ಕೆಜಿಎಫ್‌ನಲ್ಲೇ ಕೆಂಗಲ್ ಹನುಮಂತಯ್ಯ ಹೆಸರಿನ ಕಾನೂನು ಕಾಲೇಜಿದೆ. ರೋಪರ್ ಮೊಕದ್ದಮೆಯ ಪಾಠ ಮಾಡುವ ದಿನ ಮೇಷ್ಟ್ರು ಹುಡುಗರನ್ನು ತರಗತಿಯಿಂದ ಎಬ್ಬಿಸಿ ಉರಿಗಾಂನ ಲೈನುಗಳಲ್ಲಿ ಒಂದು ಸುತ್ತು ಹಾಕಿಸಲಿ.